ಯುಗಾದಿಯಿಂದ ದೀಪಾವಳಿಯವರೆಗೆ: ಚಿತ್ರದುರ್ಗದ ಬಡಾವಣೆಯಲ್ಲಿ ಸಾಮೂಹಿಕ ತರಕಾರಿ ತೋಟ

ಚಿತ್ರದುರ್ಗದಲ್ಲಿ ಹತ್ತಾರು ಮನೆಯವರು ಸೇರಿ ಮಾಡುವ ತರಕಾರಿ ತೋಟ ಸೋಲುವುದು ಹೆಚ್ಚಾಗಿ ಜೂನ್ ತಿಂಗಳಲ್ಲಿ. ಮುಂಗಾರು ಬಂತು ಎಂಬ ಭರವಸೆಯಿಂದ ಎಲ್ಲ ಮಡಿಗಳಿಗೂ ಒಂದೇ ಸಲಕ್ಕೆ ಬೀಜ ಹಾಕುತ್ತಾರೆ. ಆದರೆ ಮಲೆನಾಡಿನಲ್ಲಿ ಸುರಿಯುವ ಮಳೆ ನಮ್ಮ ಕಡೆಗೆ ತಲುಪುವ ಹೊತ್ತಿಗೆ ಬರೀ ಮೋಡ ಮತ್ತು ಗಾಳಿಯಾಗಿ ಉಳಿದಿರುತ್ತದೆ. ಜಿಲ್ಲೆಯ ಬಹುಭಾಗದಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ; ಅದರಲ್ಲಿಯೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ; ಅದಕ್ಕೆ ಭದ್ರೆಯ ನೀರೂ ಸೇರಿತ್ತು ನಿಜ, ಆದರೂ ಜಲಾಶಯ ತುಂಬಿದ ಆ ತಿಂಗಳನ್ನು ತೋಟ ಮಾಡುವವರು ಗಮನದಲ್ಲಿ ಇಟ್ಟುಕೊಳ್ಳಬೇಕು. ನಮ್ಮ ತೋಟದ ನಿಜವಾದ ಹಂಗಾಮು ಹಿಂಗಾರು. ಬೇಸಿಗೆಯಲ್ಲಿ ಮತ್ತು ಆಷಾಢದಲ್ಲಿ ಮಾಡುವ ಕೆಲಸವೆಲ್ಲ ಮಣ್ಣನ್ನೂ ಸಸಿಯನ್ನೂ ಆ ಮಳೆಗೆ ಸಿದ್ಧವಾಗಿಡುವ ಕೆಲಸ. ಈ ಮಾರ್ಗದರ್ಶಿಯನ್ನು ಆ ಕ್ರಮದಲ್ಲಿಯೇ ಬರೆದಿದ್ದೇನೆ.

ಮೊದಲ ಹೆಜ್ಜೆ: ನೀರಿನ ಲೆಕ್ಕ, ಆಮೇಲೆ ಮಡಿಯ ಲೆಕ್ಕ

40×60 ಅಡಿಯ ಒಂದು ನಿವೇಶನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಓಡಾಡುವ ದಾರಿ, ಗೊಬ್ಬರದ ಗುಂಡಿ, ಸಸಿ ಬೆಳೆಸುವ ಜಾಗ ಇವನ್ನೆಲ್ಲ ಕಳೆದರೆ 10 ಅಡಿ ಉದ್ದ, 3 ಅಡಿ ಅಗಲದ 24 ಮಡಿಗಳು ಅದರಲ್ಲಿ ಸಲೀಸಾಗಿ ಹಿಡಿಸುತ್ತವೆ. ಅಗಲ 3 ಅಡಿಗಿಂತ ಹೆಚ್ಚಾದರೆ ಎರಡೂ ಬದಿಯಿಂದ ಕೈ ನಡುವಿಗೆ ಎಟುಕುವುದಿಲ್ಲ, ಜನ ಮಡಿಯೊಳಗೆ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬೆಳೆದು ನಿಂತ ತರಕಾರಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕಾಗುತ್ತದೆ. ನಮ್ಮ ಮಡಿಯ ವಿಸ್ತೀರ್ಣ ಮೂರು ಚದರ ಮೀಟರಿಗೆ ಸ್ವಲ್ಪ ಕಡಿಮೆ ಇರುವುದರಿಂದ ಮಡಿಗೆ ದಿನಕ್ಕೊಂದು ಕೊಡ ನೀರು ಎಂದು ಲೆಕ್ಕ ಹಿಡಿದರೆ ಸಾಕು. ಹಾಗಾದರೆ 24 ಮಡಿಗೆ 24 ಕೊಡ, ಅಂದರೆ ದಿನಕ್ಕೆ ಸುಮಾರು 360 ಲೀಟರ್. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬಡಾವಣೆಯಲ್ಲಿ ಇಷ್ಟು ನೀರನ್ನು ತೋಟಕ್ಕೆ ಸುರಿಯುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಆದ್ದರಿಂದ ಮಡಿಗಳನ್ನು ಎಂಟೆಂಟರ ಮೂರು ಪಾಲು ಮಾಡಿ, ಬೇಸಿಗೆಯಲ್ಲಿ ಒಂದು ಪಾಲಿಗೆ ಮಾತ್ರ ಬೆಳೆ ಇಡಿ. ಎಂಟು ಕೊಡ ನೀರನ್ನು ಯಾವ ಬಡಾವಣೆಯೂ ಹೊಂದಿಸಬಲ್ಲದು. ಅಕ್ಕಿ, ತರಕಾರಿ ತೊಳೆದ ನೀರೇ ಅದರಲ್ಲಿ ಒಂದೆರಡು ಕೊಡ ಆಗುತ್ತದೆ. ಉಳಿದ ಎರಡು ಪಾಲಿಗೂ ಬೇಸಿಗೆಯಲ್ಲಿ ಬೇರೆ ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ಕೊಳವೆಬಾವಿಯ ನೀರು ಬಳಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ನೀರು ಹಾಯಿಸಿ ಒಣಗಿದ ಮೇಲೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ನೀರಿನಲ್ಲಿ ಲವಣ ಹೆಚ್ಚಿದೆ ಎಂದು ಅರ್ಥ. ಅಂಥ ನೀರನ್ನು ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಕೆಟ್ಟ ಪದ್ಧತಿ. ಎರಡು ದಿನಕ್ಕೊಮ್ಮೆ ಎರಡು ಕೊಡವನ್ನು ಒಟ್ಟಿಗೆ, ಬುಡಕ್ಕೆ, ಆಳಕ್ಕಿಳಿಯುವಂತೆ ಕೊಡುವುದು ಮೇಲು. ಸಾಧ್ಯವಿದ್ದರೆ ಏಪ್ರಿಲ್ ಒಳಗೆ ಮಣ್ಣು ಮತ್ತು ನೀರಿನ ಪರೀಕ್ಷೆ ಮಾಡಿಸಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ, ದಾವಣಗೆರೆಯವರಾದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಎರಡನೇ ಹೆಜ್ಜೆ: ಪಾಳಿ

ತೋಟದ ಕೆಲಸದಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಏಪ್ರಿಲ್, ಮೇ ತಿಂಗಳುಗಳು ಮದುವೆಗಳ ಕಾಲ, ಮಕ್ಕಳಿಗೆ ರಜೆಯ ಕಾಲ. ನಮ್ಮ ತೋಟದ ಮೊದಲ ವರ್ಷ ಒಂದೇ ವಾರದಲ್ಲಿ ಐದು ಮನೆಯವರು ಊರಿಗೆ ಹೋದರು, ಪ್ರತಿಯೊಬ್ಬರೂ ಪಕ್ಕದ ಮನೆಯವರು ನೀರು ಹಾಕುತ್ತಾರೆ ಎಂದು ತಿಳಿದಿದ್ದರು. ಮೂರು ದಿನ ನೀರಿಲ್ಲದೆ, ಹೂ ಬಿಟ್ಟು ನಿಂತಿದ್ದ ಹೀರೆ ಬಳ್ಳಿಗಳು ಪೂರ್ತಿ ಒಣಗಿಹೋದವು. ಆ ಬಳ್ಳಿಗಳನ್ನು ಕಿತ್ತು ಹಾಕಿದ ದಿನದ ಸಂಕಟ ಇನ್ನೂ ನೆನಪಿದೆ. ಅಂದಿನಿಂದ ದಿನಕ್ಕೆ ಒಂದು ಮನೆಯ ಬದಲು ಎರಡು ಮನೆಗಳ ಜೋಡಿ ಪಾಳಿ ಇಟ್ಟಿದ್ದೇವೆ: ಹನ್ನೆರಡು ಮನೆಗಳಿಗೆ ಸೋಮವಾರದಿಂದ ಶನಿವಾರದವರೆಗೆ ಆರು ಜೋಡಿ, ಭಾನುವಾರ ಎಲ್ಲರದು. ಊರಿಗೆ ಹೋಗುವವರು ತಮ್ಮ ಜೋಡಿಗೆ ಹೇಳಿ ಹೋಗಬೇಕು. ಜೋಡಿಯ ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ.

ತೋಟದ ಬಾಗಿಲಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ. ಯಾವ ಮಡಿಗೆ ಎಷ್ಟು ಕೊಡ ಹಾಕಿದೆವು, ಯಾವ ಎಲೆ ಮುರುಟಿದೆ, ಯಾವ ಕಾಯಿ ನಾಳೆ ಕೊಯ್ಲಿಗೆ ಬರುತ್ತದೆ ಎಂದು ಎರಡು ಸಾಲು ಬರೆದರೆ ಸಾಕು. ಮೊಬೈಲಿನ ಗುಂಪಿನಲ್ಲಿ ಹಾಕಿದ ಸಂದೇಶ ಮೇಲೆ ಸರಿದುಹೋಗುತ್ತದೆ, ಪುಸ್ತಕದ ಸಾಲು ಮುಂದಿನ ವರ್ಷವೂ ಇರುತ್ತದೆ. ಕೊಯ್ಲನ್ನು ಮಡಿಗಳ ಲೆಕ್ಕದಲ್ಲಿ ಹಂಚದೆ ಪಾಳಿ ಮಾಡಿದ ದಿನಗಳ ಲೆಕ್ಕದಲ್ಲಿ ಹಂಚುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಮನೆಗೊಂದು ಮಡಿ ಎಂದು ಬಿಟ್ಟುಕೊಟ್ಟ ಕೂಡಲೇ ಅದು ಸಾಮೂಹಿಕ ತೋಟವಾಗಿ ಉಳಿಯುವುದಿಲ್ಲ, ನೀರು ಮತ್ತು ಗೊಬ್ಬರಕ್ಕಾಗಿ ಮನಸ್ತಾಪ ಶುರುವಾಗುತ್ತದೆ.

ಮೂರನೇ ಹೆಜ್ಜೆ: ಬೇಸಿಗೆಯ ಎಂಟು ಮಡಿಗಳು

ಯುಗಾದಿಯ ಹೊತ್ತಿಗೆ ಈ ಮಡಿಗಳನ್ನು ಒಂದು ಅಡಿ ಆಳಕ್ಕೆ ಅಗೆದು, ಮಡಿಗೆ 10ರಿಂದ 15 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಅರ್ಧ ಕಿಲೋ ಬೇವಿನ ಹಿಂಡಿಯನ್ನೂ ಬೆರೆಸಿ. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕೈಯಾರೆ ಕರೆದಂತೆ. ಬೇಸಿಗೆಯ ಮಡಿ ದಾರಿಗಿಂತ ಎರಡು ಮೂರು ಅಂಗುಲ ತಗ್ಗಿನಲ್ಲಿರಲಿ, ಸುತ್ತ ಸಣ್ಣ ಬದು ಇರಲಿ. ಆಗ ಹಾಕಿದ ನೀರು ಅಲ್ಲಿಯೇ ಇಂಗುತ್ತದೆ.

ಬಿಸಿಲನ್ನು ತಡೆದುಕೊಳ್ಳುವ ಬೆಳೆಗಳನ್ನಷ್ಟೇ ಆರಿಸಿ: ಬೆಂಡೆ, ಅಲಸಂದೆ, ಗೋರಿಕಾಯಿ, ದಂಟು, ಪುಂಡಿ, ಬಸಳೆ, ಚಪ್ಪರಕ್ಕೆ ಹೀರೆ ಮತ್ತು ಹಾಗಲ. ಇವುಗಳಲ್ಲಿ ಗೋರಿಕಾಯಿಗೆ ಸಮನಾದದ್ದು ಇನ್ನೊಂದಿಲ್ಲ. ಒಂದು ದಿನದ ನೀರು ತಪ್ಪಿದರೂ ಅದು ಸಹಿಸಿಕೊಳ್ಳುತ್ತದೆ. ಬೆಂಡೆಗೆ ಬಿಳಿ ನೊಣ ಹರಡುವ ಹಳದಿ ನಂಜಿನ ಕಾಟ ಬೇಸಿಗೆಯಲ್ಲಿ ಹೆಚ್ಚು, ಆದ್ದರಿಂದ ಅದನ್ನು ತಡೆಯಲೆಂದೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕಾ ಅನಾಮಿಕದಂಥ ತಳಿ ಒಳ್ಳೆಯದು. ಟೊಮೆಟೊವನ್ನು ಏಪ್ರಿಲ್ ತಿಂಗಳಲ್ಲಿ ನೆಡಬೇಡಿ. ಸೆಕೆಗೆ ಹೂ ಉದುರುತ್ತದೆ, ಎಲೆ ಮುದುರು ರೋಗ ಬರುತ್ತದೆ, ಬಂದ ಒಂದೆರಡು ಹಣ್ಣಿನ ತುದಿಯೂ ಕಪ್ಪಾಗುತ್ತದೆ. ಕೊತ್ತಂಬರಿ, ಮೆಂತ್ಯ ಇಲ್ಲದೆ ಆಗದು ಎನ್ನುವವರು ಒಂದು ಮಡಿಗೆ ಮಾತ್ರ ಅರ್ಧದಷ್ಟು ಬಿಸಿಲನ್ನು ತಡೆಯುವ ಹಸಿರು ಬಲೆಯನ್ನು ಏಳು ಅಡಿ ಎತ್ತರದಲ್ಲಿ ಕಟ್ಟಿಕೊಳ್ಳಲಿ.

ನೆರಳಿನ ವಿಷಯದಲ್ಲಿ ನಮ್ಮ ಅಕ್ಷಾಂಶದ ಒಂದು ವಿಶೇಷವನ್ನು ತಿಳಿದಿರಬೇಕು. ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ನಡುವಿನವರೆಗೆ ತುಸು ಉತ್ತರಕ್ಕೆ ಇರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಯ ನೆರಳನ್ನು ನಂಬಿ ಮಡಿ ಮಾಡಿದವರಿಗೆ ಬೇಸಿಗೆಯಲ್ಲಿ ಆ ನೆರಳೇ ಸಿಗುವುದಿಲ್ಲ. ಬೆಳೆಯನ್ನು ನಿಜವಾಗಿ ಬಾಡಿಸುವುದು ಮೂರು ಗಂಟೆಯ ನಂತರದ ಪಡುವಣ ಬಿಸಿಲು. ಪಶ್ಚಿಮದ ಅಂಚಿನಲ್ಲಿ ನುಗ್ಗೆ ಮತ್ತು ಚೊಗಚೆ ಗಿಡಗಳನ್ನು ಸಾಲಾಗಿ ನೆಟ್ಟರೆ ಆ ಬಿಸಿಲೂ ತಗ್ಗುತ್ತದೆ, ಅಡುಗೆಗೆ ಸೊಪ್ಪೂ ಸಿಗುತ್ತದೆ.

ಬೀಜ ಮೊಳೆತು ನಾಲ್ಕಂಗುಲ ಎತ್ತರವಾದ ಮೇಲೆ ಮಡಿಯ ಮೇಲೆ ಎರಡು ಮೂರು ಅಂಗುಲ ದಪ್ಪದ ಹೊದಿಕೆ ಹಾಸಬೇಕು. ಚಳ್ಳಕೆರೆ ಕಡೆಯಿಂದ ಶೇಂಗಾ ಹೊಟ್ಟು, ದಾವಣಗೆರೆ ಸುತ್ತಿನಿಂದ ಭತ್ತದ ಹುಲ್ಲು ಮತ್ತು ಮೆಕ್ಕೆಜೋಳದ ರವದಿ, ಚನ್ನಗಿರಿ ಕಡೆಯಿಂದ ಅಡಿಕೆ ಸಿಪ್ಪೆ, ಯಾವುದು ಹತ್ತಿರವೋ ಅದು. ಶೇಂಗಾ ಹೊಟ್ಟಿನಲ್ಲಿ ಬುಡ ಕೊಳೆಸುವ ಶಿಲೀಂಧ್ರ ಇರಬಹುದಾದ್ದರಿಂದ ಒಂದು ವಾರ ಬಿಸಿಲಿನಲ್ಲಿ ತೆಳ್ಳಗೆ ಹರಡಿ ಒಣಗಿಸಿದ ಮೇಲೆಯೇ ಬಳಸಿ. ಯಾವ ಹೊದಿಕೆಯೂ ಕಾಂಡಕ್ಕೆ ತಾಗದೆ ಎರಡು ಅಂಗುಲ ದೂರವಿರಲಿ. ಹೊದಿಕೆ ಬಿದ್ದ ಮಡಿಗೆ ದಿನ ಬಿಟ್ಟು ದಿನ ನೀರು ಕೊಟ್ಟರೂ ನಡೆಯುತ್ತದೆ. ಅನುಮಾನವಿದ್ದರೆ ಹೊದಿಕೆ ಸರಿಸಿ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ ನೋಡಿ. ತಂಪು ತಗುಲಿದರೆ ಆ ದಿನ ನೀರು ಬೇಡ. ಮಧ್ಯಾಹ್ನ ಎಲೆ ಜೋತುಬಿದ್ದಿದ್ದನ್ನು ನೋಡಿ ಗಾಬರಿಯಾಗಬೇಡಿ, ಸಂಜೆಗೆ ತಲೆ ಎತ್ತದಿದ್ದರೆ ಮಾತ್ರ ಅದು ನೀರಿನ ಕೊರತೆ.

ಬಳ್ಳಿ ತರಕಾರಿಗೆ ಮಡಕೆಯ ನೀರಾವರಿಯಷ್ಟು ಹಿತವಾದದ್ದು ಬೇರೆ ಇಲ್ಲ. ಹೊಳಪು ಬಳಿಯದ, ಐದರಿಂದ ಎಂಟು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ಅದರ ಸುತ್ತ ನಾಲ್ಕು ಬೀಜ ಊರಿ, ನೀರು ತುಂಬಿ, ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಬಿಗಿಯಾದ ಮುಚ್ಚಳ ಇಡಿ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಬೇರುಗಳು ಮಡಕೆಯನ್ನೇ ಸುತ್ತಿಕೊಂಡು ಬೇಕಾದಷ್ಟನ್ನೇ ಹೀರುತ್ತವೆ. ನಮ್ಮ ಹೀರೆ ಈಗ ಬೇಸಿಗೆ ದಾಟುತ್ತಿರುವುದು ಇದರಿಂದಲೇ.

ನಾಲ್ಕನೇ ಹೆಜ್ಜೆ: ಬೆಳೆಯಿಲ್ಲದ ಹದಿನಾರು ಮಡಿಗಳು

ಎರಡನೇ ಪಾಲಿನ ಎಂಟು ಮಡಿಗಳನ್ನು ಏಪ್ರಿಲ್ ಮೊದಲ ವಾರದಲ್ಲಿ ಅಗೆದು, ಹೆಂಟೆ ಒಡೆದು ಸಮ ಮಾಡಿ, ಒಂದು ಸಲ ಚೆನ್ನಾಗಿ ನೀರು ಕುಡಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು. ಕಪ್ಪು ಹಾಳೆ ಈ ಕೆಲಸಕ್ಕೆ ಬಾರದು. ಬಿಸಿಲು ಒಳಗೆ ಹಾಯ್ದು ಹಬೆಯಲ್ಲಿ ಮಣ್ಣು ಬೇಯಬೇಕು. ನಾಲ್ಕರಿಂದ ಆರು ವಾರ ಹೀಗೆ ಬಿಟ್ಟರೆ ಕಳೆಯ ಬೀಜ, ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು, ಸಸಿ ಕೊಳೆಸುವ ಶಿಲೀಂಧ್ರ ಬಹುಮಟ್ಟಿಗೆ ಸಾಯುತ್ತವೆ. ನಮ್ಮ ಉರಿಬಿಸಿಲು ತೋಟಕ್ಕೆ ಪುಕ್ಕಟೆಯಾಗಿ ಮಾಡಿಕೊಡುವ ಉಪಕಾರ ಇದೊಂದೇ, ಅದನ್ನು ಬಿಡಬಾರದು. ಮುಂದೆ ಬದನೆ, ಟೊಮೆಟೊ ನೆಡುವುದು ಈ ಮಡಿಗಳಲ್ಲಿ.

ಮೂರನೇ ಪಾಲಿನ ಮಡಿಗಳು ಕಸಕಡ್ಡಿಯ ಹೊದಿಕೆಯಡಿ ಸುಮ್ಮನಿರಲಿ. ಭರಣಿ, ಕೃತ್ತಿಕೆ ಮಳೆಗಳು ಬಿದ್ದು ನೆಲ ಹದವಾದ ಮೇಲೆ, ರೋಹಿಣಿ ಅಥವಾ ಮೃಗಶಿರದಲ್ಲಿ, ಮಡಿಗೆ 15ರಿಂದ 20 ಗ್ರಾಂ ಸೆಣಬಿನ ಬೀಜ ಚೆಲ್ಲಿ. ಅದು ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದಿಡುತ್ತದೆ. ಸುಮಾರು 45 ದಿನಕ್ಕೆ ಮೊದಲ ಹೂ ಕಾಣುತ್ತಲೇ ಕೊಚ್ಚಿ ಮಣ್ಣಿಗೆ ಸೇರಿಸಬೇಕು. ತಡ ಮಾಡಿದರೆ ಕಾಂಡ ನಾರಾಗಿ ಕಳಿಯುವುದೇ ಇಲ್ಲ. ಸೇರಿಸಿದ ಮೇಲೆ ಎರಡು ಮೂರು ವಾರ ಬಿಟ್ಟರೆ ಆಗಸ್ಟ್ ಹೊತ್ತಿಗೆ ಮಡಿ ಸಿದ್ಧ. ಹೂ ಬಿಟ್ಟ ಹಳದಿ ಸೆಣಬನ್ನು ಕತ್ತರಿಸಲು ಮನಸ್ಸು ಬಾರದವರು ಪ್ರತಿ ವರ್ಷವೂ ಇರುತ್ತಾರೆ. ಅವರಿಗಾಗಿ ಮೂಲೆಯಲ್ಲಿ ನಾಲ್ಕು ಗಿಡ ಬಿಡಿ, ಬೀಜಕ್ಕೂ ಆಯಿತು.

ಮೊದಲ ಮಳೆ ಬರುವ ಮುಂಚೆಯೇ ಚಾವಣಿಯ ಕೊಳವೆಗಳನ್ನು ತೊಟ್ಟಿಗೆ ಜೋಡಿಸಿರಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರಿನ ಒಂದು ಹದ ಮಳೆ ಬಿದ್ದರೆ ನಷ್ಟ ಕಳೆದು 1,600 ಲೀಟರ್ ಕೈಗೆ ಬರುತ್ತದೆ, ಅಂದರೆ ಎಂಟು ಮಡಿಗಳಿಗೆ ಹದಿಮೂರು ದಿನದ ನೀರು. ಇಳಿಜಾರಿನ ನಿವೇಶನವಾದರೆ ಕಲ್ಲಿನ ಕೋಟೆಯನ್ನು ನೆನೆಯಿರಿ: ಅಲ್ಲಿ ಮೇಲಿನ ಹೊಂಡ ತುಂಬಿ ಹೆಚ್ಚಾದ ನೀರು ಕೆಳಗಿನ ಹೊಂಡಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ಮೇಲಿನ ಮಡಿಯ ಬದುವಿಗೆ ಕಲ್ಲು ಜೋಡಿಸಿದ ಸಣ್ಣ ಕೋಡಿ ಬಿಟ್ಟು ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಮಾಡಿದರೆ ಮಣ್ಣೂ ಕೊಚ್ಚಿಹೋಗುವುದಿಲ್ಲ.

ಐದನೇ ಹೆಜ್ಜೆ: ಆಷಾಢದ ಗಾಳಿ

ಜೋಗಿಮಟ್ಟಿಯ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನ್ ನಡುವಿನಿಂದ ಆಗಸ್ಟ್‌ವರೆಗೆ ನೈರುತ್ಯದಿಂದ ಬೀಸುವ ಗಾಳಿ ಬಿಸಿಲಿಗಿಂತ ಬೇಗ ಮಣ್ಣನ್ನು ಒಣಗಿಸುತ್ತದೆ. ಆಕಾಶದಲ್ಲಿ ಮೋಡವಿದೆ, ತುಂತುರು ಬೀಳುತ್ತಿದೆ ಎಂದು ನೀರು ನಿಲ್ಲಿಸಿದವರ ತೋಟ ಈ ತಿಂಗಳುಗಳಲ್ಲಿ ಸೊರಗುತ್ತದೆ; ತುಂತುರು ಮಳೆ ಹೊದಿಕೆಯನ್ನಷ್ಟೇ ನೆನೆಸಿ ಹೋಗುತ್ತದೆ. ಬೆರಳಿನ ಪರೀಕ್ಷೆಯನ್ನು ಮಳೆಗಾಲವೆಂದು ಬಿಡಬೇಡಿ.

ನೈರುತ್ಯ ಮತ್ತು ಪಶ್ಚಿಮದ ಅಂಚಿಗೆ ಮೇ ಕೊನೆಯಲ್ಲಿಯೇ ಎರಡು ಸಾಲು ಮೆಕ್ಕೆಜೋಳ ಅಥವಾ ಸಜ್ಜೆ, ಅದರ ಒಳಗೆ ಒಂದು ಸಾಲು ತೊಗರಿ ಹಾಕಿ. ಜೋಳ ಮುಗಿಯುವ ಹೊತ್ತಿಗೆ ತೊಗರಿ ಎದ್ದು ನಿಂತಿರುತ್ತದೆ. ಚಪ್ಪರದ ಕಂಬಗಳನ್ನು ಎರಡು ಅಡಿ ಆಳಕ್ಕೆ ಹೂಳಿ, ಬೆಂಡೆಯ ಬುಡಕ್ಕೆ ಮಣ್ಣು ಏರಿಸಿ.

ಬೇವಿನ ಹಣ್ಣು ಉದುರುವ ಕಾಲವೂ ಇದರ ಆಸುಪಾಸಿನದೇ. ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬೀಜ ಆರಿಸಿ, ಸಿಪ್ಪೆ ತೊಳೆದು ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಕೀಟ ಕಂಡಾಗ 250 ಗ್ರಾಂ ಬೀಜದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಐದು ಲೀಟರಿಗೆ ಏರಿಸಿ, ಅಂಟಿಕೊಳ್ಳಲು ಸ್ವಲ್ಪ ಸಾಬೂನು ಕದಡಿ ಸಂಜೆ ಸಿಂಪಡಿಸಿ. ಇದು ಐದು ಶೇಕಡಾ ಕಷಾಯ. ಬಿಳಿ ನೊಣ, ಹೇನು, ಎಳೆಯ ಹುಳುಗಳಿಗೆ ಹತ್ತು ದಿನಕ್ಕೊಮ್ಮೆ ಸಾಕು. ಕಷಾಯವನ್ನು ಇಟ್ಟುಕೊಳ್ಳಲಾಗದು, ಅಂದಂದಿನದು ಅಂದಂದೇ. ಬದನೆಯ ಕುಡಿ ಬಾಗಿದ್ದರೆ ಒಳಗೆ ಕೊರಕ ಹುಳು ಇದೆ ಎಂದೇ ತಿಳಿಯಿರಿ. ಅದಕ್ಕೆ ಔಷಧಿಗಿಂತ, ಪಾಳಿಯವರು ದಿನವೂ ಆ ಕುಡಿಗಳನ್ನು ಚಿವುಟಿ ಸುಡುವುದೇ ಪರಿಹಾರ. ಹತ್ತು ಜೋಡಿ ಕಣ್ಣುಗಳು ಸಾಮೂಹಿಕ ತೋಟಕ್ಕಿರುವ ದೊಡ್ಡ ಅನುಕೂಲ.

ಆರನೇ ಹೆಜ್ಜೆ: ಸಸಿ ಮಡಿ

ಉತ್ತರೆ ಮಳೆ ಸೆಪ್ಟೆಂಬರ್ 13ರ ಸುಮಾರಿಗೆ ಹುಟ್ಟುತ್ತದೆ. ಆ ವೇಳೆಗೆ ನೆಡಲು ಸಸಿ ಕೈಯಲ್ಲಿರಬೇಕಾದರೆ ಹಿಂದಕ್ಕೆ ಎಣಿಸಿಕೊಂಡು ಬರಬೇಕು. ಮೆಣಸಿನಕಾಯಿ ಸಸಿಗೆ 40 ದಿನ, ಬದನೆಗೆ 30ರಿಂದ 35, ಟೊಮೆಟೊ, ಎಲೆಕೋಸು ಮತ್ತು ಹೂಕೋಸಿಗೆ 25ರಿಂದ 30. ಹೀಗಾಗಿ ಮೆಣಸಿನಕಾಯಿಯನ್ನು ಆಶ್ಲೇಷ ಹುಟ್ಟುವ ಆಗಸ್ಟ್ ಮೊದಲ ವಾರದಲ್ಲಿ, ಬದನೆಯನ್ನು ಅದರ ಮರುವಾರದಲ್ಲಿ, ಉಳಿದವನ್ನು ಮಘೆ ಹುಟ್ಟುವ ಆಗಸ್ಟ್ 17ರ ಸುಮಾರಿಗೆ ಬಿತ್ತಿ. ತೆಂಗಿನ ನಾರಿನ ಪುಡಿ ತುಂಬಿದ ಸಸಿ ಟ್ರೇಗಳು ಸುಲಭ. ಇಲ್ಲವಾದರೆ ಬಿಸಿಲಿನಲ್ಲಿ ಬೇಯಿಸಿದ ಮಡಿಯ ಮೂಲೆಯಲ್ಲೇ ನಾಲ್ಕು ಅಂಗುಲ ಏರಿಸಿ ಒಟ್ಟಲು ಹಾಕಿ. ಬೀಜಕ್ಕೆ ಟ್ರೈಕೋಡರ್ಮಾ ಎಂಬ, ಸಸಿ ಕೊಳೆಸುವ ರೋಗವನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿಯನ್ನು ಸವರಿ.

ಸಸಿ ಮಡಿಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಇರಲೇಬೇಕು. ಟೊಮೆಟೊದ ಎಲೆ ಮುದುರು ನಂಜು ಎಳೆಯ ಸಸಿಯಲ್ಲಿಯೇ ಅಂಟಿಬಿಟ್ಟರೆ ಆ ಗಿಡದಿಂದ ಒಂದು ಹಣ್ಣನ್ನೂ ನಿರೀಕ್ಷಿಸುವಂತಿಲ್ಲ. ಅರ್ಕಾ ರಕ್ಷಕ್ ಎಂಬ ಸಂಕರಣ ತಳಿಗೆ ಎಲೆ ಮುದುರು, ಸೊರಗು ಮತ್ತು ಅಂಗಮಾರಿ ಈ ಮೂರನ್ನೂ ತಡೆಯುವ ಗುಣವಿದೆ. ಹಾಗಿದ್ದರೂ ಪರದೆಯನ್ನು ಬಿಡುವುದು ಬೇಡ. ನೆಡುವ ನಾಲ್ಕೈದು ದಿನ ಮುಂಚೆ ನೀರು ತಗ್ಗಿಸಿ, ಪರದೆ ಸರಿಸಿ ಸಸಿಗಳನ್ನು ಬಿಸಿಲಿಗೆ ಒಗ್ಗಿಸಿ.

ಅವರೆಯ ವಿಷಯ ಬೇರೆ. ನಮ್ಮ ಸೊಗಡಿನ ನಾಡ ಅವರೆ ಹಗಲು ಗಿಡ್ಡವಾದ ಹೊರತು ಹೂ ಬಿಡುವುದಿಲ್ಲ. ಜೂನ್ ತಿಂಗಳಲ್ಲಿ ಹಾಕಿದರೆ ಬರೀ ಬಳ್ಳಿ ಹಬ್ಬುತ್ತದೆ. ಆಗಸ್ಟಿನಲ್ಲಿ ಬೇಲಿಯುದ್ದಕ್ಕೂ ಹಾಕಿದರೆ ಸಮಯಕ್ಕೆ ಸರಿಯಾಗಿ ಹೂ ಬರುತ್ತದೆ.

ಏಳನೇ ಹೆಜ್ಜೆ: ಹಿಂಗಾರಿಗೆ ಮಡಿ ಮಗುಚುವುದು

ಬೇಸಿಗೆಯಲ್ಲಿ ತಗ್ಗಿನಲ್ಲಿದ್ದ ಮಡಿಗಳನ್ನು ಆಗಸ್ಟ್ ಕೊನೆಗೆ ಏರು ಮಡಿಗಳಾಗಿ ಬದಲಿಸಬೇಕು. ದಾರಿಯ ಮಣ್ಣನ್ನು ಎಳೆದು ಮಡಿಗೆ ಹಾಕಿ ಕೆಂಪು ಮಣ್ಣಿನಲ್ಲಿ ಅರ್ಧ ಅಡಿ, ಎರೆ ಮಣ್ಣಿನಲ್ಲಿ ಮುಕ್ಕಾಲು ಅಡಿ ಏರಿಸಿ. ಆಗ ದಾರಿಯೇ ಕಾಲುವೆಯಾಗುತ್ತದೆ. ಇದು ಬೇಸರದ ಕೆಲಸ, ಎರಡು ಭಾನುವಾರ ಬೇಕು, ಆದರೂ ತಪ್ಪಿಸುವಂತಿಲ್ಲ. ಹಿಂಗಾರಿನ ಮಳೆ ಗುಡುಗಿನೊಂದಿಗೆ ಒಂದೇ ರಾತ್ರಿ ಸುರಿಯುತ್ತದೆ. ನಮ್ಮ ಜಿಲ್ಲೆಯ ರೈತರ ಈರುಳ್ಳಿ ಎಷ್ಟೋ ವರ್ಷ ಕೊಯ್ಲಿನ ಹೊತ್ತಿಗೆ ಹೊಲದಲ್ಲೇ ಕೊಳೆತದ್ದು ಹೀಗೆ ನಿಂತ ನೀರಿನಲ್ಲಿ.

ಸಸಿಯನ್ನು ಸಂಜೆ ನೆಡಿ. ಟೊಮೆಟೊ ಮತ್ತು ಬದನೆಗೆ ಗಿಡದಿಂದ ಗಿಡಕ್ಕೆ ಎರಡು ಅಡಿ, ಕೋಸಿಗೆ ಒಂದೂವರೆ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆಗಳನ್ನು ನೇರ ಬಿತ್ತಿ, ಆದರೆ ಎಲ್ಲವನ್ನೂ ಒಂದೇ ದಿನವಲ್ಲ. ಹದಿನೈದು ದಿನಕ್ಕೊಂದು ಮಡಿಯಂತೆ ಹಾಕಿದರೆ ಮಹಾನವಮಿಯಿಂದ ದೀಪಾವಳಿ ದಾಟುವವರೆಗೂ ಹನ್ನೆರಡು ಮನೆಗೂ ಸೊಪ್ಪು ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಜೀವಾಮೃತ ಕೊಡಬಹುದು: 20 ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, ದಿನಕ್ಕೆರಡು ಸಲ ತಿರುವಿ, ಮೂರನೇ ದಿನದಿಂದ ವಾರದೊಳಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಬೇಕು. ಸೊಪ್ಪಿನ ಎಲೆಗಳ ಮೇಲೆ ಮಾತ್ರ ಸುರಿಯಬೇಡಿ, ತಿನ್ನುವ ಎಲೆಗೆ ಅದು ತಾಗಬಾರದು.

ಮಳೆ ಹಿಡಿದ ವಾರಗಳಲ್ಲಿ ಟೊಮೆಟೊದ ಕೆಳ ಎಲೆಗಳಲ್ಲಿ ಉಂಗುರದಂಥ ಕಂದು ಚುಕ್ಕೆ ಕಂಡರೆ ಅದು ಅಂಗಮಾರಿ. ಮೊದಲು ನೆಲಕ್ಕೆ ತಾಗುವ ಎಲೆಗಳನ್ನೆಲ್ಲ ಕತ್ತರಿಸಿ, ಗಿಡಗಳಿಗೆ ಕೋಲು ಕೊಟ್ಟು ಗಾಳಿಯಾಡುವಂತೆ ಮಾಡಿ. ಅಷ್ಟರಲ್ಲೂ ನಿಲ್ಲದಿದ್ದರೆ ಅಡಿಕೆ ಬೆಳೆಗಾರರು ಬಳಸುವ ಒಂದು ಶೇಕಡಾ ಬೋರ್ಡೋ ದ್ರಾವಣ: 100 ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು ಐದು ಲೀಟರಿನಲ್ಲಿ, ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು. ಎಳೆ ಸಸಿ, ಸೌತೆ ಜಾತಿಯ ಬಳ್ಳಿ ಮತ್ತು ಸೊಪ್ಪಿನ ಮಡಿಗೆ ಇದು ತಾಗದಂತೆ ನೋಡಿಕೊಳ್ಳಿ. ಸಿಂಪಡಿಸಿದ ದಿನವನ್ನು ಪುಸ್ತಕದಲ್ಲಿ ಬರೆದು, ವಾರದ ನಂತರ ಕೊಯ್ದು ಚೆನ್ನಾಗಿ ತೊಳೆದು ಬಳಸಿ.

ಎಂಟನೇ ಹೆಜ್ಜೆ: ಬೀಜ

ಬೇಸಿಗೆಯ ಬೆಂಡೆ, ಗೋರಿಕಾಯಿ, ಅಲಸಂದೆ ಮುಗಿಯುವ ಮೊದಲೇ, ರೋಗ ತಾಗದೆ ನೀರಿನ ಕೊರತೆಯನ್ನು ತಡೆದು ನಿಂತ ನಾಲ್ಕೈದು ಗಿಡಗಳಿಗೆ ಕೆಂಪು ದಾರ ಕಟ್ಟಿ ಗುರುತಿಡಿ. ಕೊಯ್ಲಿನ ಅವಸರದಲ್ಲಿ ಯಾರಾದರೂ ಆ ಕಾಯಿಗಳನ್ನು ಕಿತ್ತುಬಿಡುವುದುಂಟು. ದಾರ ಕಂಡರೆ ಮುಟ್ಟಬಾರದು ಎಂದು ಮೊದಲೇ ಎಲ್ಲರಿಗೂ ಹೇಳಿರಬೇಕು. ಸಂಕರಣ ತಳಿಗಳ ಬೀಜ ಹಿಡಿಯುವುದರಿಂದ ಪ್ರಯೋಜನವಿಲ್ಲ, ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಕಾಯಿ ಗಿಡದಲ್ಲೇ ಒಣಗಲಿ. ಮಳೆಯ ಸೂಚನೆಯಿದ್ದರೆ ಗೊಂಚಲು ಸಮೇತ ಕತ್ತರಿಸಿ ಜಗಲಿಯಲ್ಲಿ ತೂಗುಹಾಕಿ. ಬಿಡಿಸಿದ ಬೀಜವನ್ನು ನಾಲ್ಕು ದಿನ ಎಳೆಬಿಸಿಲಿನಲ್ಲಿ ಒಣಗಿಸಿ, ಹಲ್ಲಿನಲ್ಲಿ ಕಚ್ಚಿದರೆ ಕಟ್ಟೆಂದು ಒಡೆಯುವಂತಾದ ಮೇಲೆ, ಜರಡಿ ಹಿಡಿದ ಕಟ್ಟಿಗೆಯ ಬೂದಿ ಬೆರೆಸಿ ಗಾಜಿನ ಶೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಿ. ಶೀಸೆಯ ಮೇಲೆ ತಳಿಯ ಹೆಸರು, ಮಡಿಯ ಸಂಖ್ಯೆ, ಕೊಯ್ದ ತಿಂಗಳು ಬರೆದು, ಅದೇ ವಿವರವನ್ನು ನೀರಿನ ಪುಸ್ತಕದ ಕೊನೆಯ ಪುಟದಲ್ಲಿಯೂ ದಾಖಲಿಸಿ. ಶೀಸೆಗಳೆಲ್ಲ ಒಂದೇ ಮನೆಯಲ್ಲಿರುವುದು ಬೇಡ. ಪ್ರತಿ ತಳಿಯನ್ನೂ ಎರಡು ಪಾಲು ಮಾಡಿ ಎರಡು ಮನೆಗಳಲ್ಲಿ ಇಡಿ.